ಏಳನೇ ಓಟು ನಾನಾಗಿದ್ದಾಗ

ಟಿ.ವಿ.ಯಲ್ಲಿ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಒಯ್ಯುವುದನ್ನು ತೋರಿಸಿದಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು. ಕಿಟಕಿಯ ಪರದೆ ಎಳೆದು ಮುಖ ಮುಚ್ಚಿಕೊಳ್ಳುವ ಆ ದೊಡ್ಡ ಮನುಷ್ಯರನ್ನು ನೋಡಿ, "ಅಷ್ಟು ಮಂದಿ ಓಟು ತಗೊಂಡಾವ್ರು ಹೆಂಗ ಸುಮ್ನ ಹತ್ತಿ ಕುಂತಾರ ನೋಡ್ರಿ, ಒಬ್ಬರಿಗೂ ಬಾಯಿಲ್ಲ" ಎನ್ನುತ್ತಿದ್ದೆ. ಸೋಮವಾರ 'ಪಕ್ಷ ನನ್ನ ತಾಯಿ' ಎಂದು ಕ್ಯಾಮೆರಾ ಮುಂದೆ ಕಣ್ಣೊರೆಸಿಕೊಂಡವರು ಗುರುವಾರ ಇನ್ನೊಂದು ಪಕ್ಷದ ಶಾಲು ಹೊದ್ದು ನಿಂತಿರುತ್ತಿದ್ದರು. ಉಪಚುನಾವಣೆ ಬಂದರೆ ಸಾಕು, ಮಂತ್ರಿಗಳು ನಮ್ಮ ಕಡೆಯ ಅಡಿಗೆಮನೆಗಳಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಫೋಟೊ ತೆಗೆದಾದ ಮೇಲೆ ಆ ಸೊಟ್ಟ ರೊಟ್ಟಿಯನ್ನು ಯಾರು ತಿಂದರೆಂದು ಯಾವ ಚಾನೆಲ್ಲೂ ತೋರಿಸಲಿಲ್ಲ. ಇದನ್ನೆಲ್ಲ ನಾನು ಮನೆಯಲ್ಲಿ ಮಾತ್ರವಲ್ಲ, ಹಿಟ್ಟಿನ ಗಿರಣಿಯಲ್ಲಿ, ಮಹಿಳಾ ಸಂಘದ ಸಭೆಯಲ್ಲಿ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಆಡುತ್ತಿದ್ದೆ. ಹಿರೇಕೆರೂರಿನ ಖಾಸಗಿ ಶಾಲೆಯೊಂದರಲ್ಲಿ ಕೆಲವು ವರ್ಷ ಕನ್ನಡ ಕಲಿಸಿದವಳು ನಾನು. ನಾಲ್ಕು ಜನರ ನಡುವೆ ಮಾತಾಡುವುದಕ್ಕೆ ಅಳುಕು ಇರಲಿಲ್ಲ.

ಆ ಬಾಯಿಯೇ ನನ್ನನ್ನು ಗ್ರಾಮ ಪಂಚಾಯಿತಿಗೆ ಕಳಿಸಿತು. ನಮ್ಮ ವಾರ್ಡು ಮಹಿಳೆಯರಿಗೆ ಬಂದಾಗ ಓಣಿಯವರು, "ಅಕ್ಕಾರ ನಿಂದರ್ಲಿ, ಮಾತಾಡೋ ಹೆಣ್ಮಗಳು ಒಬ್ಬಾಕಿರ ಅಲ್ಲಿರ್ಲಿ" ಎಂದರು. ಗೊಬ್ಬರದ ಅಂಗಡಿ ನಡೆಸುವ ನನ್ನ ಗಂಡನಿಗೆ ಮನಸ್ಸಿರಲಿಲ್ಲ. ಗಿರಾಕಿಗಳು ಎರಡೂ ಪಕ್ಷದವರು, ಯಾರನ್ನೂ ಎದುರು ಹಾಕಿಕೊಳ್ಳುವ ಹಾಗಿರಲಿಲ್ಲ. "ನಾ ಯಾವ ಪಕ್ಷದಾಕಿನೂ ಅಲ್ಲ" ಎಂದು ಹೇಳಿಕೊಂಡೇ ನಿಂತೆ, ಗೆದ್ದೆ.

ಕಾಗದದ ಮೇಲೆ ಪಂಚಾಯಿತಿಯಲ್ಲಿ ಯಾರೂ ಪಕ್ಷದವರಲ್ಲ. ಚುನಾವಣೆಗೆ ಪಕ್ಷದ ಚಿಹ್ನೆ ಕೊಡುವುದಿಲ್ಲ. ಆದರೆ ಯಾರ ಹಿಂದೆ ಯಾವ ಚಿಹ್ನೆ ಇದೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಹದಿಮೂರು ಸದಸ್ಯರು. ಆರು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಹದಿಮೂರನೆಯವಳು ನಾನು. ಮೊದಲ ಅವಧಿಗೆ ಅಧ್ಯಕ್ಷರು ಒಮ್ಮತದಿಂದ ಆಗಿದ್ದರಿಂದ ಇದರ ಬಿಸಿ ನನಗೆ ತಟ್ಟಲಿಲ್ಲ. ಅರ್ಧ ಅವಧಿ ಮುಗಿದು ಎರಡನೇ ಅಧ್ಯಕ್ಷರ ಆಯ್ಕೆಗೆ ನೋಟಿಸು ಬಂದ ಮರುದಿನ ತಟ್ಟಿತು.

ಮೊದಲು ಬಂದವನು ಒಂದು ಪಕ್ಷದ ತಾಲ್ಲೂಕು ಮುಖಂಡ. ನಯವಾದ ಮನುಷ್ಯ. ಚಹಾ ಕುಡಿದ, ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಮಳೆಯ ಬಗ್ಗೆ ಮಾತಾಡಿದ. ಏಳುವ ಮುಂದೆ ಮಾತ್ರ ನನ್ನ ಕಡೆ ತಿರುಗಿ, "ನಿಮ್ಮ ಮಗಳು ಪಿಯುಸಿ ಅಲ್ರಿ ಅಕ್ಕಾರ? ದಿನಾ ಎಂಟರ ಬಸ್ಸಿಗೆ ಹೋಗ್ತಾಳ. ಪಾಪ, ಸಂಜೀಗೆ ಬಸ್ಸು ಲೇಟ್ ಆಗ್ತೈತಿ. ನಮ್ಮ ಹುಡುಗ್ರು ಅಲ್ಲೇ ಸ್ಟ್ಯಾಂಡಿನ್ಯಾಗ ಇರ್ತಾರ, ನೋಡ್ಕೋತಾರ ಬಿಡ್ರಿ" ಎಂದು ನಕ್ಕ.

ಅಷ್ಟೇ ಮಾತು. ಯಾರಾದರೂ ಕೇಳಿದರೆ ಉಪಕಾರದ ಮಾತೇ. ಆದರೆ ಅವನು ಹೋದ ಮೇಲೆ ನಾನು ಚಹಾದ ಲೋಟಗಳನ್ನು ಎತ್ತಿಕೊಳ್ಳಲು ಹೋದರೆ ಒಂದು ಕೆಳಗೆ ಬಿತ್ತು. ಗಂಡ ಬಗ್ಗಿ ಅದನ್ನು ಎತ್ತಿಕೊಟ್ಟರು. ಮಗಳು ಯಾವ ಬಸ್ಸಿಗೆ ಹೋಗುತ್ತಾಳೆಂಬುದು ಅವನಿಗೆ ಹೇಗೆ ಗೊತ್ತಾಯಿತು ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಅಂಜಿಕೆ.

ಆ ಅಂಜಿಕೆಯಲ್ಲಿ ಗಂಡ ಇನ್ನೊಂದು ಪಕ್ಷದ ನಾಯಕನ ಹತ್ತಿರ ಹೋದರು. ಅವನನ್ನು ಎಲ್ಲರೂ ಸಾಹೇಬ್ರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಹೋಗಿ ಬಂದ ಗಂಡ ಹೇಳಿದರು, "ಸಾಹೇಬ್ರು ಜವಾಬ್ದಾರಿ ತಗೋತೇನಿ ಅಂದ್ರು. ಮೂರು ದಿನ ಅವರ ಕಡೆ ಮೆಂಬರ್ಸ್ ಎಲ್ಲಾ ಟ್ರಿಪ್ಪಿಗೆ ಹೊಂಟಾರ. ನೀನೂ ಹೋಗಿಬಿಡು. ಊರಾಗ ಇಲ್ಲಂದ್ರ ಯಾರೂ ಬಂದು ಕೇಳಂಗಿಲ್ಲ."

"ನಾ ಯಾರ ಕಡೆನೂ ಅಲ್ಲಂತ ಹೇಳಿ ಓಟು ತಗೊಂಡೇನ್ರಿ."

"ಗೊತ್ತೈತಿ. ಹುಡುಗಿ ಮಾರಿ ನೋಡಿ ಹೋಗು."

ಹೋದೆ.

ಬೆಳಿಗ್ಗೆ ಒಂದು ಟೆಂಪೊ ಬಂತು. ನನ್ನನ್ನು ಸೇರಿಸಿ ಏಳು ಜನ ಸದಸ್ಯರು: ನಾಲ್ವರು ಗಂಡಸರು, ಮೂವರು ಹೆಂಗಸರು. ಹೆಂಗಸರಲ್ಲಿ ಒಬ್ಬಳು ಇಡೀ ಹಾದಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದಳು. ಇನ್ನೊಬ್ಬಳು ನಮ್ಮೂರ ಆಯಿ. ಎಪ್ಪತ್ತರ ಹತ್ತಿರದ ವಯಸ್ಸು, ಗದ್ದೆ ನಾಟಿಗೆ ಕೂಲಿ ಹೋಗಿ ಬದುಕಿದವಳು. ಅವಳ ವಾರ್ಡಿನ ಮೀಸಲಾತಿಗೆ ಬೇರೆ ಯಾರೂ ಸಿಗದೆ ಸಾಹೇಬರ ಕಡೆಯವರು ಅವಳನ್ನು ನಿಲ್ಲಿಸಿದ್ದರು. ಸಹಿ ಮಾಡುವುದನ್ನು ಅವಳಿಗೆ ನಾನೇ ಕಲಿಸಿದ್ದೆ. ಸಭೆಯಲ್ಲಿ ಯಾವಾಗಲೂ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಟೆಂಪೊದಲ್ಲೂ ಬಂದು ನನ್ನ ಪಕ್ಕದಲ್ಲೇ ಕುಳಿತು, "ಎಲ್ಲಿಗೆ ಹೊಂಟೀವಿ ಯವ್ವಾ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಹಾನಗಲ್ಲಿನ ಬಸ್ ನಿಲ್ದಾಣದ ಎದುರು ಚಹಾಕ್ಕೆ ನಿಲ್ಲಿಸಿದರು. ಅಲ್ಲಿ ಸಾಹೇಬರ ಕಡೆಯ ಒಬ್ಬ ಬಿಳಿ ಅಂಗಿಯವನು ಬಟ್ಟೆಯ ಚೀಲ ಹಿಡಿದುಕೊಂಡು ಒಳಗೆ ಬಂದ.

"ಮೊಬೈಲ್ ಇದರಾಗ ಹಾಕ್ರಿ. ವಾಪಸ್ ಬರೋ ಮುಂದ ಕೊಡ್ತೇವಿ."

ಗಂಡಸರು ನಗುತ್ತ ಹಾಕಿದರು. ಅವರಿಗೆ ಇದು ಗೊತ್ತಿದ್ದ ಆಟ. ನಾನು, "ಮನೀಗೆ ಒಂದು ಫೋನ್ ಮಾಡಿ ಕೊಡ್ತೇನ್ರಿ" ಎಂದೆ.

"ನಿಮ್ಮ ಯಜಮಾನ್ರಿಗೆ ಸಾಹೇಬ್ರು ಹೇಳ್ಯಾರ್ರಿ ಅಕ್ಕಾರ. ಚಿಂತಿ ಬ್ಯಾಡ. ಹಾಕ್ರಿ."

ದನಿ ಮೆತ್ತಗಿತ್ತು. ಕೈ ಮಾತ್ರ ಚೀಲ ಹಿಡಿದು ನನ್ನ ಮುಖದ ಮುಂದೆಯೇ ಇತ್ತು. ಕಿಟಕಿಯ ಆಚೆ ಹುಬ್ಬಳ್ಳಿಗೆ ಹೋಗುವ ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು. ಇಳಿದು ನಾಲ್ಕು ಹೆಜ್ಜೆ ಓಡಿದರೆ ಹತ್ತಬಹುದಿತ್ತು. ನಾನು ಮೊಬೈಲನ್ನು ಚೀಲಕ್ಕೆ ಹಾಕಿದೆ. ಎಂಟರ ಬಸ್ಸಿನಲ್ಲಿ ಮಗಳು ಹೋಗಿರುತ್ತಾಳೆ, ನಾನು ಓಡಿದರೆ ಇವರೂ ಅವರೂ ಇಬ್ಬರೂ ಮನೆಗೆ ಬರುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಆ ಶಾಸಕರು ಯಾಕೆ ಸುಮ್ಮನೆ ಹತ್ತಿ ಕೂರುತ್ತಾರೆ ಎಂದು ವರ್ಷಗಟ್ಟಲೆ ನಕ್ಕಿದ್ದೆ. ಎಲ್ಲರೂ ದುರಾಸೆಯಿಂದಲೇ ಹತ್ತಿರಲಿಕ್ಕಿಲ್ಲ ಎಂದು ಮೊದಲ ಸಲ ಅನ್ನಿಸಿತು. ಹಾಗೆಂದು ಅವರ ಬಗ್ಗೆ ಗೌರವವೇನೂ ಹುಟ್ಟಲಿಲ್ಲ. ಅಂಜಿದವನನ್ನೂ ಆಸೆಬುರುಕನನ್ನೂ ಒಂದೇ ಬಸ್ಸಿನಲ್ಲಿ ಕೂರಿಸಿ ಅದಕ್ಕೆ ಪ್ರಜಾಪ್ರಭುತ್ವದ ರಕ್ಷಣೆ ಎಂದು ಹೆಸರಿಡುವವರ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಟ್ರಿಪ್ಪು ಎಂದು ಹೇಳಿದ್ದಕ್ಕೆ ಒಂದು ಗುರುತು ಬೇಕಲ್ಲ, ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಕರೆದುಕೊಂಡು ಹೋದರು. ಜೀವವಿದ್ದ ಹಾಗೇ ಕಾಣುವ ಹಳ್ಳಿಯ ಜನರ ಗೊಂಬೆಗಳ ನಡುವೆ ನಮ್ಮನ್ನು ನಿಲ್ಲಿಸಿ ಬಿಳಿ ಅಂಗಿಯವನು ಫೋಟೊ ತೆಗೆದ. "ನಗ್ರಿ, ನಗ್ರಿ. ಸ್ವಂತ ಖುಷಿಲೆ ಬಂದೀವಿ ಅಂತ ಕಾಣಬೇಕು." ಆಯಿ ಒಂದು ಗೊಂಬೆಯನ್ನು ನಿಜವಾದ ಹೆಂಗಸೆಂದೇ ತಿಳಿದು, "ಸ್ವಲ್ಪ ಹಾದಿ ಬಿಡವ್ವಾ" ಎಂದಳು. ಎಲ್ಲರೂ ನಕ್ಕರು. ಆ ನಗುವೇ ಫೋಟೊದಲ್ಲಿ ಬಂತು. ಅದನ್ನು ಅವನು ಅಲ್ಲೇ ನಿಂತು ಯಾರಿಗೋ ಕಳಿಸಿದ. ನನ್ನ ನಗುಮುಖ ಊರಿಗೆ ನನಗಿಂತ ಮೊದಲು ತಲುಪಿತು ಎಂದು ಆಮೇಲೆ ಗೊತ್ತಾಯಿತು.

ಸಂಜೆಯ ಹೊತ್ತಿಗೆ ಸವಣೂರಿನ ಹೊರಗೆ ಒಂದು ತೋಟದ ಮನೆಗೆ ತಲುಪಿದೆವು. ಸುತ್ತ ಎತ್ತರದ ಕಂಪೌಂಡು, ಕಬ್ಬಿಣದ ಗೇಟು. ಹಿಂಭಾಗಕ್ಕೆ ಮಾತ್ರ ತಂತಿಬೇಲಿ. ಅದರಾಚೆ ಬೇರೆಯವರ ವೀಳ್ಯದ ಎಲೆಬಳ್ಳಿಯ ತೋಟ. ನಾವು ಒಳಗೆ ಬಂದ ಮೇಲೆ ಗೇಟಿಗೆ ಬೀಗ ಬಿತ್ತು. ಗಂಡಸರು ಜಗಲಿಯಲ್ಲಿ ಇಸ್ಪೀಟು ಹರಡಿದರು. ಹೆಂಗಸರಿಗೆ ಒಂದು ಕೋಣೆ, ತಲಾ ಒಂದು ಸೀರೆ, ಊಟಕ್ಕೆ ಏನು ಬೇಕೆಂದು ಕೇಳುವ ಅಡಿಗೆಯವನು. ಯಾರೂ ನಮಗೆ ಕೆಟ್ಟ ಮಾತಾಡಲಿಲ್ಲ. ಬಚ್ಚಲಿಗೆ ಹೋದರೂ ಅಂಗಳದಲ್ಲಿ ಒಬ್ಬ ಎದ್ದು ನಿಲ್ಲುತ್ತಿದ್ದ, ಅಷ್ಟೇ.

ಅಲ್ಲಿ ಕುಳಿತಾಗ ಆಯಿ ಸೆರಗಿನ ಗಂಟು ಬಿಚ್ಚಿ ನೋಡಿ, "ಗುಳಿಗಿ ಒಂದ ದಿನದ್ದು ತಂದಿದ್ನಿ. ಸಂಜೀಗೆ ಮನೀಗೆ ಬಿಡ್ತೇವಿ ಅಂದಿದ್ರು" ಎಂದಳು. ಅವಳಿಗೆ ಬಿ.ಪಿ. ಬಹಳ ವರ್ಷದಿಂದ ಇತ್ತು. ನಾನು ಬಿಳಿ ಅಂಗಿಯವನಿಗೆ ಹೇಳಿದೆ. "ತರಸ್ತೇನ್ರಿ" ಎಂದ. ಮರುದಿನ ಬೆಳಿಗ್ಗೆ ಕೇಳಿದೆ. "ಹೆಸರು ಬರದುಕೊಡ್ರಿ" ಎಂದ. ಗುಳಿಗೆಯ ಹೆಸರು ಆಯಿಗೆ ಗೊತ್ತಿರಲಿಲ್ಲ. ಬಿಳಿ ಬಣ್ಣದ್ದು, ಸಣ್ಣದು ಎಂದಳು. ಅದರ ಮೇಲೆ ಅವನೂ ಮರೆತ.

ಎರಡನೆಯ ದಿನ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಯಿ ತಲೆ ಹಿಡಿದುಕೊಂಡು ಗೋಡೆಗೆ ಒರಗಿದಳು. ತಟ್ಟೆ ಮುಟ್ಟಲಿಲ್ಲ. ನೋಡುತ್ತಿದ್ದಂತೆ ಮೂಗಿನಿಂದ ರಕ್ತ ಇಳಿಯತೊಡಗಿತು. ಮೊದಲು ಸಣ್ಣ ಗೆರೆ, ಆಮೇಲೆ ತುಟಿ, ಗಲ್ಲ, ಹೊಸ ಸೀರೆ. ಸೆರಗಿನಿಂದ ಒತ್ತಿ ಹಿಡಿದೆ. ನನ್ನ ಬೆರಳುಗಳ ಸಂದಿನಿಂದಲೂ ಬಂತು. ಇನ್ನೊಬ್ಬ ಹೆಂಗಸು ಕೋಣೆಯ ಮೂಲೆಗೆ ಸರಿದು ಅಳತೊಡಗಿದಳು.

ಓಡಿ ಹೊರಗೆ ಬಂದು ಬಿಳಿ ಅಂಗಿಯವನಿಗೆ, "ದವಾಖಾನಿಗೆ ಒಯ್ಯಬೇಕ್ರಿ, ಈಗಿಂದೀಗ" ಎಂದೆ.

ಅವನು ಬಂದು ನೋಡಿದ. ಅವನ ಮುಖವೂ ಬಿಳಿಚಿತು. ಆದರೆ ಹೇಳಿದ್ದು, "ಊರಾಗ ಅವರ ಕಡೆಯವ್ರು ಹುಡಕ್ಯಾಡಾಕತ್ತಾರ್ರಿ. ಯಾರರ ನೋಡಿದ್ರ ಗದ್ದಲ ಆಗ್ತೈತಿ. ನಾಳಿ ಹನ್ನೊಂದಕ್ಕ ಓಟು. ಇವತ್ತೊಂದ ದಿನ ತಡಕೋರಿ. ತಣ್ಣೀರು ಬಟ್ಟಿ ಹಾಕ್ರಿ."

ತಣ್ಣೀರು ಬಟ್ಟೆ ಹಾಕಿದೆ. ಆಯಿ ಕಣ್ಣು ಬಿಟ್ಟು ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಕೈ ತೊಳೆದುಕೊಳ್ಳುವ ನೆಪದಲ್ಲಿ ಹಿಂಭಾಗಕ್ಕೆ ಹೋದೆ. ಬೇಲಿಯಾಚೆ ಒಬ್ಬ ಹೆಣ್ಣುಮಗಳು ಎಲೆ ಕೊಯ್ಯುತ್ತಿದ್ದಳು. ಮೆಲ್ಲಗೆ ಕರೆದು, "ಅಕ್ಕಾ, ಫೋನ್ ಐತೇನು? ಒಂದ ನಿಮಿಷ" ಎಂದೆ. ಅವಳು ನನ್ನ ಕೈಯ ರಕ್ತ ನೋಡಿ ಒಂದೂ ಪ್ರಶ್ನೆ ಕೇಳದೆ ಕುಪ್ಪಸದೊಳಗಿನ ಫೋನು ತೆಗೆದು ತಂತಿಯ ಸಂದಿನಿಂದ ಕೊಟ್ಟಳು.

ಗಂಡನ ನಂಬರು ಬಾಯಿಪಾಠ ಇತ್ತು.

"ನಾನ್ರಿ. ಸವಣೂರ ಹೊರಗ ಒಂದ ತೋಟದ ಮನ್ಯಾಗ ಅದೀವಿ. ಆಯಿಗೆ ಭಾಳ ತ್ರಾಸ ಆಗೈತಿ, ಇವರು ಗೇಟ್ ತಗೀವಲ್ರು. ಬರ್ರಿ. ಇಲ್ಲಾಂದ್ರ ಪೊಲೀಸರಿಗರ ಹೇಳ್ರಿ."

ಅವರು ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ, "ಹಾಂ, ಹಾಂ. ಇಲ್ಲಿ ಎಲ್ಲಾ ಆರಾಮ ಐತಿ. ಇವತ್ತೊಂದ ದಿನ ತಡಕೋ. ಮತ್ತ ಫೋನ್ ಮಾಡಬ್ಯಾಡ" ಎಂದು ಇಟ್ಟುಬಿಟ್ಟರು.

ಬಿಳಿ ಅಂಗಿಯವನು ಆಡಿದ ಅದೇ ಮಾತು: ಇವತ್ತೊಂದ ದಿನ ತಡಕೋ. ಫೋನು ವಾಪಸು ಕೊಟ್ಟೆ. ಬೇಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಗಂಡನೂ ಇವರ ಜೊತೆ ಸೇರಿಬಿಟ್ಟರು, ನನ್ನನ್ನು ಇವರ ಕೈಗೆ ಒಪ್ಪಿಸಿ ಕೈ ತೊಳೆದುಕೊಂಡರು ಎಂದೇ ತಿಳಿದೆ. ಇನ್ನು ಯಾರೂ ಬರುವುದಿಲ್ಲ ಎಂದು ತಿಳಿದಾಗ ಆದ ಭಯ ಈಗಲೂ ಮೈಯಲ್ಲಿದೆ.

ಒಳಗೆ ಹೋಗಿ ಆಯಿಯನ್ನು ಎಬ್ಬಿಸಿದೆ. ಅವಳ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಅಂಗಳ ದಾಟಿ ಗೇಟಿನ ಹತ್ತಿರ ಬಂದೆ. ಇಸ್ಪೀಟು ಆಡುತ್ತಿದ್ದ ನಾಲ್ವರೂ ಎಲೆಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು, ಒಬ್ಬರೂ ಏಳಲಿಲ್ಲ. ಬಿಳಿ ಅಂಗಿಯವನು ಅಡ್ಡ ನಿಂತ.

"ಒಳಗ ನಡ್ರಿ ಅಕ್ಕಾರ. ನನಗ ಸಿಟ್ಟು ಬರಸಬ್ಯಾಡ್ರಿ."

ಬೈಯಬೇಕೆಂದುಕೊಂಡೆ. ಅಷ್ಟು ವರ್ಷ ರಾಜಕಾರಣಿಗಳನ್ನು ಅಂದು ಆಡಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಹೊರಗೆ ಬಂದದ್ದು ಬೇರೆಯೇ ಮಾತು.

"ಆಯಿ ಸತ್ರ ನಿಮಗ ಆರೇ ಓಟು ಉಳೀತಾವ್ರಿ. ಅವರಿಗೂ ಆರು. ಆಮ್ಯಾಲ ಚೀಟಿ ಎತ್ತತಾರ. ಸಾಹೇಬ್ರಿಗೆ ಏನ್ ಹೇಳ್ತೀರಿ ನೋಡ್ರಿ."

ಅವನು ಆಯಿಯ ಮುಖ ನೋಡಿದ. ಇಷ್ಟು ಹೊತ್ತು ಕಂಡ ರಕ್ತ ಅವನಿಗೆ ಆಗ ನಿಜವಾಗಿ ಕಂಡಿತು. ಫೋನು ತೆಗೆದು ಆ ಕಡೆ ಹೋಗಿ ಮಾತಾಡಿ ಬಂದ. ಬೀಗ ತೆಗೆದ. "ಕಾರು ಹತ್ರಿ" ಎಂದ.

ಇದನ್ನು ಹೇಳಿದರೆ ಕೆಲವರು ಜಾಣತನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಯಿಯನ್ನು ಉಳಿಸಲು ಅವಳದೂ ಒಂದು ಜೀವ ಎಂದು ಹೇಳಿದರೆ ಸಾಲಲಿಲ್ಲ, ಓಟು ಎಂದು ಹೇಳಬೇಕಾಯಿತು. ಹಾಗೆ ಹೇಳುವುದು ಆ ಹೊತ್ತಿಗೆ ನನಗೂ ಸಲೀಸಾಗಿ ಬಂತು. ಅವಳು ನನ್ನ ಹೆಗಲಿಗೆ ಒರಗಿ ಅದನ್ನು ಕೇಳುತ್ತಿದ್ದಳು.

ಸವಣೂರಿನಲ್ಲಿ ಒಂದು ಸಣ್ಣ ಖಾಸಗಿ ದವಾಖಾನೆ. ವಯಸ್ಸಾದ ಡಾಕ್ಟರು ಪಟ್ಟಿ ಕಟ್ಟಿ ಬಿ.ಪಿ. ನೋಡಿದವರೇ ಇಂಜೆಕ್ಷನ್ ತರಲು ನರ್ಸಿಗೆ ಕೂಗಿದರು. "ಇನ್ನೊಂದು ತಾಸು ತಡಾ ಮಾಡಿದ್ರ ಮೆದುಳಿಗೆ ಹೊಡೀತಿತ್ತು. ಗುಳಿಗಿ ಯಾಕ ಬಿಡಿಸಿದ್ರಿ? ಎಲ್ಲಿಂದ ಬಂದೀರಿ?"

ಬಿಳಿ ಅಂಗಿಯವನು ನನ್ನ ಹಿಂದೆಯೇ ನಿಂತಿದ್ದ. "ಮದುವಿಗೆ ಬಂದಿದ್ವಿ ಡಾಕ್ಟ್ರ" ಎಂದ.

ಡಾಕ್ಟರು ನನ್ನ ಮುಖವನ್ನೇ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗಳ ಬಸ್ಸು ಕಣ್ಣ ಮುಂದೆ ಬಂತು. "ಹೌದ್ರಿ, ಮದುವಿ" ಎಂದೆ. ಆ ಸುಳ್ಳಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಆಯಿ ಕಣ್ಣು ಬಿಟ್ಟು ನೀರು ಕೇಳಿದಳು. ನನ್ನ ಹೆಸರು ಸರಿಯಾಗಿ ಹೇಳಿದಳು. ಆಗಲೇ ಸಾಹೇಬರು ಬಂದದ್ದು. ಹಿಂದೆ ಐದಾರು ಜನ, ಒಬ್ಬನ ಕೈಯಲ್ಲಿ ಸೇಬುಹಣ್ಣಿನ ಬುಟ್ಟಿ, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ. ಮಂಚದ ಮೇಲೆ ಕುಳಿತು ಆಯಿಯ ಕೈ ಹಿಡಿದರು. ಫೋಟೊ ಸರಿ ಬರಲಿಲ್ಲವೆಂದು ಬಿಟ್ಟು, ಮತ್ತೊಮ್ಮೆ ಹಿಡಿದರು. "ನಮ್ಮ ತಾಯಿ ಇದ್ದಂಗ" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಬೇಕೆಂದಾಗ ನೀರು ತರಿಸಿಕೊಳ್ಳುವ ಆ ಕಣ್ಣುಗಳನ್ನು ನಾನು ಎರಡು ಅಡಿ ದೂರದಿಂದ ನೋಡಿದೆ. ಆ ಹೊತ್ತಿಗೆ ಅವರು ಅದನ್ನು ತಾವೇ ನಂಬಿದ್ದರು ಅನ್ನಿಸಿ ಹೆದರಿಕೆ ಹೆಚ್ಚಾಯಿತು. ನಟಿಸುತ್ತಿರುವವನಿಗೆ ಇದು ನಟನೆ ಎಂಬುದಾದರೂ ನೆನಪಿರುತ್ತದೆ.

ಅಷ್ಟರಲ್ಲಿ ಅವರಿಗೆ ಫೋನು ಬಂತು. ಕಿಟಕಿಯ ಹತ್ತಿರ ಹೋಗಿ ಮಾತಾಡಿದರು. ಮೊದಲು ಗಟ್ಟಿ ದನಿ, ಆಮೇಲೆ ಮೆತ್ತಗೆ, ಕೊನೆಗೆ ನಗು. ತಿರುಗಿ ಎಲ್ಲರಿಗೂ ಕೇಳುವ ಹಾಗೆ, "ಮುಗೀತು. ಅವರೂ ಒಪ್ಪಿದ್ರು. ಉಳಿದ ಅವಧಿಯೊಳಗ ಮೊದಲ ಅರ್ಧ ನಮ್ಮವ್ರು, ಆಮ್ಯಾಲ ಅವರವ್ರು. ಓಟು ಗೀಟು ಏನೂ ಬ್ಯಾಡ, ಅವಿರೋಧ" ಎಂದರು. ನನ್ನ ಕಡೆ ನೋಡಿ, "ಅಕ್ಕಾರ, ನಿಮಗ ಸುಮ್ನ ತ್ರಾಸ ಆತು" ಎಂದು ಸೇರಿಸಿದರು.

ಅವರು ಅಂದದ್ದು ಅಷ್ಟೇ. ಇದು ಎರಡು ಫೋನುಗಳ ನಡುವೆ ಮುಗಿಯಬಹುದಾಗಿದ್ದರೆ ನಮ್ಮನ್ನು ಯಾಕೆ ಒಯ್ದರು? ಉತ್ತರ ಆಮೇಲೆ ಹೊಳೆಯಿತು. ನಾವು ಬೀಗದೊಳಗೆ ಇದ್ದದ್ದರಿಂದಲೇ ಆ ಫೋನು ಬಂತು. ಒಪ್ಪಂದದಲ್ಲಿ ತೂಕಕ್ಕೆ ಇಡಲು ಅವರಿಗೆ ನಾವು ಬೇಕಾಗಿದ್ದೆವು.

ಮರುದಿನ ನಮ್ಮನ್ನು ನೇರವಾಗಿ ಪಂಚಾಯಿತಿ ಕಚೇರಿಗೆ ತಂದು ಇಳಿಸಿದರು. ಮುಂದೆ ಪಟಾಕಿ. ಎರಡೂ ಪಕ್ಷದ ಮುಖಂಡರು ಒಂದೇ ಹಾರದಲ್ಲಿ ಕೊರಳು ತೂರಿಸಿ ನಿಂತರು. ನಮ್ಮ ಮನೆಗೆ ಬಂದು ಮಗಳ ಬಸ್ಸಿನ ಮಾತಾಡಿದ್ದ ಆ ನಯವಾದ ಮನುಷ್ಯ ನನ್ನ ಕೈಗೆ ಪೇಡಾ ಇಟ್ಟು, "ಟ್ರಿಪ್ ಚಲೋ ಆತೇನ್ರಿ? ಫೋಟೊದಾಗ ಭಾಳ ಖುಷಿಲೆ ನಗಾಕತ್ತಿದ್ರಿ" ಎಂದ. ಪೇಡಾ ಹಿಡಿದುಕೊಂಡು ನಿಂತೆ. ಪತ್ರಿಕೆಯಲ್ಲಿ ಎರಡು ಸಾಲು ಬಂತು: ಅವಿರೋಧ ಆಯ್ಕೆ, ಗ್ರಾಮದ ಅಭಿವೃದ್ಧಿಗೆ ಪಕ್ಷಭೇದ ಮರೆತ ನಾಯಕರು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಇದ್ದಳು. ಮೂರು ದಿನದಿಂದ ಕಾಲೇಜಿಗೆ ಹೋಗಿರಲಿಲ್ಲ. ಅವಳನ್ನು ಅಪ್ಪಿಕೊಂಡು ಒಳಗೆ ಹೋದೆ. ಗಂಡನ ಮುಖ ನೋಡಲಿಲ್ಲ. ಅವರು ಊಟಕ್ಕೆ ಕರೆದರೂ ಹೋಗಲಿಲ್ಲ. ಎರಡು ದಿನ ಹೀಗೇ ನಡೆಯಿತು. ಕೊನೆಗೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ಅವರೇ ಬಂದು ನಿಂತರು.

"ಅವತ್ತು ನೀ ಫೋನ್ ಮಾಡಿದಾಗ..."

"ಏನೂ ಹೇಳಬ್ಯಾಡ್ರಿ."

"ಬಸ್ಸಿನ ಮಾತಾಡಿದ್ನಲ್ಲ, ಅವನ ಕಡೆ ನಾಲ್ಕು ಮಂದಿ ಅಂಗಡ್ಯಾಗ ಕುಂತಿದ್ರು. ಎದುರಿಗೇ. ನೀ ಹೋದ ದಿನದಿಂದ ದಿನಾ ಬಂದು ಕುಂದರ್ತಿದ್ರು. ಫೋನ್ ಬಂದ ಕೂಡ್ಲೆ ಒಬ್ಬಾಂವ ನನ್ನ ಬಾಯೀನ ನೋಡಾಕತ್ತ. ನೀ ಎಲ್ಲಿ ಅದೀ ಅಂತ ಅವರಿಗೆ ಗೊತ್ತಾಗಬಾರದಿತ್ತು. ಅದಕ್ಕ ಹಂಗಂದೆ. ಅವರು ಎದ್ದು ಹೋದ ಮ್ಯಾಲ ಆ ನಂಬರಿಗೆ ಎಷ್ಟು ಸಲ ಹಚ್ಚೀನಿ ಗೊತ್ತೇನು? ಯಾರೋ ಹೆಣ್ಮಗಳು ತಗೊಂಡು, ಕಾರಿನ್ಯಾಗ ಕರಕೊಂಡು ಹೋದ್ರು, ಇಬ್ಬರ ಮೈಮ್ಯಾಲೂ ರಕ್ತ ಇತ್ತು ಅಂದ್ಲು. ಅಷ್ಟ ಹೇಳಿದ್ಲು."

ಹಸಿ ಸೀರೆಯ ಒಂದು ತುದಿಯನ್ನು ಹಿಡಿದುಕೊಂಡು ನಿಂತರು. ಆ ಸಂಜೆ ಅವರು ಬೈಕ್ ಹತ್ತಿ ಸವಣೂರಿನವರೆಗೆ ಹೋಗಿ, ಮೂರು ದವಾಖಾನೆಗಳಲ್ಲಿ ನನ್ನನ್ನು ಹುಡುಕಿ, ಸಿಗದೆ ವಾಪಸು ಬಂದದ್ದನ್ನು ಮಗಳು ಆಮೇಲೆ ಹೇಳಿದಳು. ನನ್ನನ್ನು ಕೈಬಿಟ್ಟವರ ದನಿ ಎಂದು ನಾನು ತಿಳಿದಿದ್ದ ಆ ತಣ್ಣನೆಯ ದನಿ ಅವರ ಅಂಜಿಕೆಯ ದನಿಯಾಗಿತ್ತು. ನಾನು ಸೀರೆಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಹಿಂಡಿ ತಂತಿಗೆ ಹಾಕಿದೆವು.

ಆಯಿ ಒಂದು ತಿಂಗಳು ಮನೆಯಲ್ಲೇ ಇದ್ದಳು. ನಾನು ವಾರಕ್ಕೆರಡು ಸಲ ಹೋಗಿ ಗುಳಿಗೆ ನೋಡಿ ಬರುತ್ತಿದ್ದೆ. ಗೇಟಿನ ಹತ್ತಿರ ನಾನು ಆಡಿದ ಮಾತು ಅವಳಿಗೆ ನೆನಪಿದೆಯೋ ಇಲ್ಲವೋ ಎಂದು ಅಳುಕುತ್ತಿತ್ತು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಕೇಳಿಸಿತ್ತವಾ" ಎಂದಳು. "ಒಂದ ಓಟು ಅಂದಿ ನನ್ನ. ಖರೇನ ಅಂದಿ. ಅವರಿಗೆ ನಾ ಅಷ್ಟ." ಆಮೇಲೆ, "ನಿನ್ನ ಕೈ ಹೆಂಗ ನಡಗತಿತ್ತು ಅಂತೀ! ನಾ ಬೀಳ್ತೇನೋ ನೀ ಬೀಳ್ತೀಯೋ ಅಂತ ನನಗ ಅಂಜಿಕಿ" ಎಂದು ಹಲ್ಲಿಲ್ಲದ ಬಾಯಿಯಿಂದ ನಕ್ಕಳು.

ನನಗೆ ನಗು ಬರಲಿಲ್ಲ. ಅವಳ ಮಂಚದ ಕೆಳಗೆ ಇದ್ದ ಗುಳಿಗೆಯ ಡಬ್ಬಿಯನ್ನು ಎತ್ತಿ, ಇನ್ನು ಮೇಲೆ ಮರೆಯದ ಹಾಗೆ, ಮುಚ್ಚಳದ ಮೇಲೆ ಗುಳಿಗೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಲು ಕುಳಿತಳು.